ಮಾಲು ನೋಡಿ, ಆಳನ್ನೂ ನೋಡಿ: ಕಾಫಿ ವ್ಯಾಪಾರದಲ್ಲಿ ನಂಬಿಕೆಯ ಪರೀಕ್ಷೆ

ಸಕಲೇಶಪುರ, ಆಲೂರು ಸೀಮೆಯ ಕಾಫಿ ಮಾರನಹಳ್ಳಿ ದಾಟಿ ಶಿರಾಡಿ ಘಾಟಿಯಲ್ಲಿ ಇಳಿದು ಮಂಗಳೂರು ಸೇರುತ್ತದೆ. ಹೊಸಬರೊಂದಿಗೆ ಕರಾರು ಮಾಡಿಕೊಳ್ಳುವ ಮುಂಚೆ ಏನು ನೋಡಬೇಕು ಎಂಬುದಕ್ಕೆ ಈ ವ್ಯಾಪಾರದಲ್ಲಿ ಕಾಲಕ್ಕೊಂದು ಉತ್ತರವಿತ್ತು.

ಬಹುಕಾಲ ಆ ಚಿಂತೆಯೇ ಯಾರಿಗೂ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿದಾಗ ಬಂದ 1942ರ ಕಾಫಿ ಕಾಯ್ದೆ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿತು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ದರ್ಜೆ ಕಟ್ಟಿ ಪಾಯಿಂಟ್ ಹಾಕುತ್ತಿದ್ದರು, ಹಣ ಕಂತಿನಲ್ಲಿ ಬರುತ್ತಿತ್ತು. ರಫ್ತುದಾರ ಮಂಡಳಿಯ ಹರಾಜಿನಲ್ಲಿ ಕೊಳ್ಳುತ್ತಿದ್ದ. ಅದು ಯಾರ ತೋಟದ ಬೀಜವೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಹಣ ತಡವಾದರೂ ಮುಳುಗುತ್ತದೆಂಬ ಭಯ ಬೆಳೆಗಾರನಿಗೂ ಇರಲಿಲ್ಲ.

1992ರಿಂದ ಹಂತ ಹಂತವಾಗಿ ಸಡಿಲವಾದ ಈ ವ್ಯವಸ್ಥೆ 1996ರಲ್ಲಿ ಪೂರ್ತಿ ಕೊನೆಗೊಂಡಿತು. ವ್ಯಾಪಾರಿ ಕಣಕ್ಕೇ ಬಂದ. ಆಗ ಬೆಳೆದ ಪರೀಕ್ಷೆಯೇ ಇವತ್ತಿಗೂ ಈ ವ್ಯಾಪಾರದ ಬೆನ್ನೆಲುಬು. ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರೆ, ಮೀಟರಿನಲ್ಲಿ ತೇವ ನೋಡುತ್ತಾರೆ, ಸಣ್ಣ ಹಲ್ಲರಿನಲ್ಲಿ ಸಿಪ್ಪೆ ಬಿಡಿಸಿ ಬೀಜ ತೂಗುತ್ತಾರೆ. 50 ಕಿಲೋ ಚೆರ್ರಿ ಮೂಟೆಯಲ್ಲಿ 27 ಕಿಲೋ ಬೀಜ ಸಿಕ್ಕರೆ ಓಟಿ 27. ಅದು 26ಕ್ಕೆ ಇಳಿದರೆ ನೂರು ಮೂಟೆಗೆ ನೂರು ಕಿಲೋ ಬೀಜದ ದುಡ್ಡು ಹೋಯಿತು. ಅದಕ್ಕೇ ಈ ತೂಕದ ಹೊತ್ತಿನಲ್ಲಿ ಬೆಳೆಗಾರ ತಕ್ಕಡಿಯ ಪಕ್ಕದಲ್ಲೇ ನಿಂತಿರುತ್ತಾನೆ. ಕಪ್ಪು ಬೀಜ, ಕಾಯಿಕೊರಕ ತಿಂದದ್ದು, ಒಡಕಲು ಎಲ್ಲವೂ ಅಲ್ಲೇ ಬಯಲಾಗುತ್ತವೆ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಮೇಲೆ ಮಾಲಿನ ಜತೆ ಮನುಷ್ಯನ ಕಾಗದವೂ ಮುಖ್ಯವಾಯಿತು. ಮಾರಿದ ವ್ಯಾಪಾರಿ ತೆರಿಗೆ ಕಟ್ಟದಿದ್ದರೆ ಕೊಂಡವನಿಗೆ ಹೂಡುವಳಿ ತೆರಿಗೆಯ ಲಾಭ ತಪ್ಪುತ್ತದೆ. ಹಾಗಾಗಿ 29ರಿಂದ ಶುರುವಾಗುವ ಹದಿನೈದು ಅಕ್ಷರಗಳ ನೋಂದಣಿ ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ, ರಿಟರ್ನ್ ಸಲ್ಲಿಸಿದ್ದಾನೋ ಇಲ್ಲವೋ ನೋಡಿಯೇ ರಫ್ತುದಾರರು ಮಾತಿಗೆ ಕೂರುತ್ತಾರೆ. ಐರೋಪ್ಯ ಒಕ್ಕೂಟದ 2023ರ ಕಾನೂನು ಇನ್ನೂ ಮುಂದೆ ಹೋಗಿದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಸಲ್ಲದು, ತೋಟ ಎಲ್ಲಿದೆ ಎಂಬುದನ್ನು ಅಕ್ಷಾಂಶ ರೇಖಾಂಶ ಸಮೇತ ಕೊಡಬೇಕು. ಜಾರಿಯ ದಿನ ಮುಂದಕ್ಕೆ ಹೋಗುತ್ತ ಬಂದಿದೆ, ನಿಜ. ಆದರೆ ನಮ್ಮ ಕಾಫಿಯ ಬಹುಪಾಲು ರಫ್ತಾಗುವುದರಿಂದ, ಅದರಲ್ಲೂ ಇಟಲಿ ದೊಡ್ಡ ಗಿರಾಕಿಯಾಗಿರುವುದರಿಂದ, ಸಣ್ಣ ತೋಟದವರೂ ತಪ್ಪಿಸಿಕೊಳ್ಳಲಾಗದು.

ಈ ಬೆಳವಣಿಗೆಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಒಂದೇ. ಪರೀಕ್ಷೆಯೆಲ್ಲ ಮಾರುವವನದು, ಕೊಳ್ಳುವವನಿಗೆ ಯಾವುದೂ ಇಲ್ಲ. ಮುಂದೆ ಬೆಲೆ ಏರೀತೆಂದು ರೇಟು ಕಡಿಯದೆ ವ್ಯಾಪಾರಿಯ ಗೋದಾಮಿಗೆ ಮೂಟೆ ಹಾಕಿ ಬರುವ ರೂಢಿ ಮಲೆನಾಡಿನಲ್ಲಿದೆ. ಆ ವ್ಯಾಪಾರಿ ಕೈಯೆತ್ತಿದರೆ ವರ್ಷದ ಫಸಲೇ ಹೋದಂತೆ. ರಫ್ತುದಾರ ನೋಡುವ ಅದೇ ಜಾಲತಾಣ ಬೆಳೆಗಾರನಿಗೂ ಪುಕ್ಕಟೆ ತೆರೆದಿದೆ. ಹೊಸ ವ್ಯಾಪಾರಿಗೆ ಮಾಲು ಕೊಡುವ ಮುಂಚೆ ಅವನ ಸಂಖ್ಯೆ ಹಾಕಿ ನೋಡಿ, ಹಿಂದಿನ ವರ್ಷ ಅವನಿಗೆ ಕೊಟ್ಟವರನ್ನು ವಿಚಾರಿಸಿ. ತೂಕ, ತೇವ, ಓಟಿ, ಹಣ ಕೊಡುವ ತಾರೀಖು ಇಷ್ಟನ್ನೂ ಸಹಿ ಹಾಕಿದ ಚೀಟಿಯಲ್ಲಿ ಬರೆಸಿಕೊಂಡ ಮೇಲೆಯೇ ಮೂಟೆ ಎತ್ತಲು ಬಿಡಿ.