ಬೆಣ್ಣೆ ತೆಗೆದ ಮೇಲೆ ಉಳಿದದ್ದು

ಮಜ್ಜಿಗೆ ಹೊಟ್ಟೆಗೆ ಹಿತ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಯಾವ ಮಜ್ಜಿಗೆ, ಯಾರ ಹೊಟ್ಟೆಗೆ ಎಂದು ಕೇಳುವವರು ಕಡಿಮೆ. ಹಳೆಯ ವೈದ್ಯರು ಕೇಳಿದ್ದರು. ಚರಕಸಂಹಿತೆ ಮೂಲವ್ಯಾಧಿಗೂ ಗ್ರಹಣಿ ಎಂಬ ಜೀರ್ಣದ ಕಾಯಿಲೆಗೂ ತಕ್ರವನ್ನು, ಎಂದರೆ ಮಜ್ಜಿಗೆಯನ್ನು, ಹೇಳುತ್ತದೆ. ಆದರೆ ಬೆಣ್ಣೆ ಪೂರ್ತಿ ತೆಗೆದದ್ದು, ಅರ್ಧ ತೆಗೆದದ್ದು, ತೆಗೆಯದೆ ಬಿಟ್ಟದ್ದು ಎಂದು ಮೂರು ಬಗೆ ಮಾಡಿ, ರೋಗಿಯ ಜೀರ್ಣಶಕ್ತಿ ನೋಡಿ ಆರಿಸಿಕೊಳ್ಳಲು ಸೂಚಿಸುತ್ತದೆ. ಸುಶ್ರುತಸಂಹಿತೆಯ ಪ್ರಕಾರ ಅರ್ಧದಷ್ಟು ನೀರು ಬೆರೆಸಿ, ಕಡೆದು, ಬೆಣ್ಣೆ ತೆಗೆದದ್ದೇ ತಕ್ರ. ನೀರು ಹಾಕದೆ, ಬೆಣ್ಣೆ ತೆಗೆಯದೆ ಕಡೆದದ್ದು ಘೋಲ. ಬಿಸಿಲುಗಾಲದಲ್ಲಿ, ನಿತ್ರಾಣರಾದವರಿಗೆ ತಕ್ರ ಕೊಡಬಾರದೆಂದೂ ಅಲ್ಲಿದೆ. ಹಾಗಾದರೆ ರಾಮನವಮಿಯ ಬಿಸಿಲಲ್ಲಿ ಊರಿಗೆಲ್ಲ ನೀರುಮಜ್ಜಿಗೆ ಹಂಚುವುದು ತಪ್ಪೇ? ಅಲ್ಲ. ಹುಳಿಯಾದ ತಕ್ರ ಬೇರೆ, ಬೇಕಾದಷ್ಟು ನೀರು ಹೊಯ್ದು ಉಪ್ಪು, ಶುಂಠಿ, ಇಂಗು ಸೇರಿಸಿದ ಪಾನೀಯ ಬೇರೆ. ಎರಡನೆಯದು ಬೆವರಲ್ಲಿ ಹೋದ ನೀರನ್ನೂ ಉಪ್ಪನ್ನೂ ಮೈಗೆ ಮರಳಿಸುತ್ತದೆ.

ಮಜ್ಜಿಗೆಯ ಗುಣವನ್ನು ಅದರಿಂದ ತೆಗೆದುಹಾಕಿದ್ದರಲ್ಲೇ ಹುಡುಕಬೇಕೆಂಬುದು ನನ್ನ ವಾದ. ಕಡೆಗೋಲು ಆಡಿದಾಗ ಕೊಬ್ಬು ಬೆಣ್ಣೆಯಾಗಿ ಮೇಲೆ ಬರುತ್ತದೆ. ಪ್ರೋಟೀನು, ಕ್ಯಾಲ್ಸಿಯಂ ಬಹುಪಾಲು ಕೆಳಗೇ ಉಳಿಯುತ್ತವೆ. ಬೆಣ್ಣೆ ತುಪ್ಪವಾಗಿ ಸಂತೆಗೆ ಹೋಯಿತು, ದೇವರ ದೀಪಕ್ಕೆ ಹೋಯಿತು, ಉಳ್ಳವರ ಎಲೆಗೆ ಹೋಯಿತು. ಬೆಲೆಯಿಲ್ಲದ ಮಜ್ಜಿಗೆ ಮನೆಯಲ್ಲಿ ಉಳಿದು ಮುದ್ದೆಗೆ, ಅಂಬಲಿಗೆ ಬಿತ್ತು. ಹಸು ಕಟ್ಟದವರು ಚೆಂಬು ಹಿಡಿದು ಬಂದರೆ ಸುಮ್ಮನೆ ಹೊಯ್ದು ಕೊಡುವ ರೂಢಿ ಎಷ್ಟೋ ಊರುಗಳಲ್ಲಿತ್ತು. ಕೊಬ್ಬಿನೊಂದಿಗೆ ಎ ಜೀವಸತ್ವವೂ ಹೊರಟುಹೋಗುತ್ತಿತ್ತು, ನಿಜ. ಆ ನಷ್ಟ ಸಣ್ಣದಲ್ಲ. ಜಾತಿ ನೋಡಿ ದೂರ ನಿಲ್ಲಿಸಿ ಮೇಲಿನಿಂದ ಹೊಯ್ದದ್ದೂ ಇದೇ ಚರಿತ್ರೆಯ ಭಾಗ, ಅದನ್ನು ಮರೆಸಿ ಈ ರೂಢಿಯನ್ನು ಹೊಗಳಲಾಗದು. ಆದರೂ ರಾಗಿಯ ಜೊತೆ ದಿನಕ್ಕೊಂದಿಷ್ಟು ಹಾಲಿನ ಪ್ರೋಟೀನು ಬಡವರ ಹೊಟ್ಟೆ ಸೇರಿದ್ದು ಹೆಚ್ಚಾಗಿ ಈ ದಾರಿಯಲ್ಲೇ.

ಬ್ಯಾಕ್ಟೀರಿಯಾದ ಹೆಸರೇ ಗೊತ್ತಿಲ್ಲದ ಆ ಕಾಲದವರಿಗೆ ಜೀರ್ಣದ ವಿಚಾರ ಹೇಗೆ ತಿಳಿದೀತು ಎಂದು ಕೆಲವರು ಕೇಳುತ್ತಾರೆ. ಕಾರಣ ಗೊತ್ತಿರಲಿಲ್ಲ, ಪರಿಣಾಮ ಕಂಡಿತ್ತು. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸಲಾಗದವರು ದಕ್ಷಿಣ ಭಾರತದಲ್ಲಿ ಬಹಳ. ಹೆಪ್ಪು ಹಾಕಿದ ರಾತ್ರಿಯೇ ಅದರ ಒಂದು ಪಾಲು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ನೀರು ಬೆರೆತಾಗ ಲೋಟಕ್ಕೆ ಬರುವ ಪಾಲು ಇನ್ನೂ ಇಳಿಯುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಮಜ್ಜಿಗೆ ಒಗ್ಗುವುದು ಇದರಿಂದ. 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಮೆಚ್ನಿಕಾಫ್ ಹುಳಿಹಾಲಿನ ಸೂಕ್ಷ್ಮಜೀವಿಗಳು ಆಯುಸ್ಸು ಹೆಚ್ಚಿಸುತ್ತವೆ ಎಂದಿದ್ದರು. ಅಷ್ಟು ದೂರ ಹೋಗಲು ಆಧಾರ ಸಾಲದು. ಮೊಸರಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ಕಾಯಂ ಆಗಿ ನೆಲೆಸುವುದಿಲ್ಲ, ಕುದಿಸಿದ ಮಜ್ಜಿಗೆಹುಳಿಯಲ್ಲಂತೂ ಬದುಕುವುದೇ ಇಲ್ಲ.

1970ರಲ್ಲಿ ಕ್ಷೀರಕ್ರಾಂತಿ ಆರಂಭವಾದ ಮೇಲೆ ಹಳ್ಳಿಯ ಹಾಲು ಮೆಲ್ಲಗೆ ಡೈರಿಯ ಕ್ಯಾನಿಗೆ ತಿರುಗಿತು. ಹಾಲು ಕೊಟ್ಟವರ ಕೈಗೆ ನಗದು ಬಂತು, ಅದು ದೊಡ್ಡ ಲಾಭ. ಆದರೆ ಕಡೆಯುವ ಮನೆಗಳು ಕಡಿಮೆಯಾದವು. ಇಂದಿನ ಪೊಟ್ಟಣದ ಮಜ್ಜಿಗೆ ಸಾಮಾನ್ಯವಾಗಿ ನೀರು ಬೆರೆಸಿ ಕಲಕಿದ ಮೊಸರು. ಬೆಣ್ಣೆ ತೆಗೆಯುವ ಕೆಲಸ ಹಾಲಿನ ಹಂತದಲ್ಲೇ, ಕೆನೆ ಬೇರ್ಪಡಿಸುವ ಯಂತ್ರದಲ್ಲಿ ಮುಗಿದಿರುತ್ತದೆ. ಕುಡಿಯುವವರ ಹೊಟ್ಟೆಗೆ ವ್ಯತ್ಯಾಸ ಅಷ್ಟಾಗಿ ತಿಳಿಯದು. ಚೆಂಬು ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದವರು ಮಾತ್ರ ಈಗ ಅದನ್ನು ದುಡ್ಡು ಕೊಟ್ಟೇ ಕೊಳ್ಳಬೇಕು.