ಪಾಲು, ಹಾಲು, ಆಲು

ಮೂರನೇ ಕ್ಲಾಸಿನಲ್ಲಿ ಓದುವಾಗ ಪಾಠದಲ್ಲಿದ್ದ 'ಹಾಲು' ಅನ್ನೋದನ್ನ 'ಆಲು' ಅಂತ ಓದಿ ಅಂಗೈ ಮೇಲೆ ಸ್ಕೇಲಿನ ಏಟು ತಿಂದಿದ್ದೆ. ಒಂದಲ್ಲ, ಮೂರು. ಯಾವ ಸ್ಕೂಲು, ಯಾವ ಮೇಷ್ಟ್ರು ಅನ್ನೋದು ಈಗ ಬೇಡ ಬಿಡಿ. ಗುಬ್ಬಿ ಕಡೆಯ ನಮ್ಮ ಹಳ್ಳಿಯಲ್ಲಿ ಎಲ್ಲರೂ ಆಲು, ಆವು, ಅಳ್ಳಿ ಅಂತಲೇ ಮಾತಾಡೋದು. ಕುಣಿಗಲ್ ಕಡೆಯ ನಮ್ಮ ನೆಂಟರೂ ಅಷ್ಟೇ. ಅವತ್ತು ಮನೆಗೆ ಬಂದು ಅಳ್ತಾ ಹೇಳಿದ್ದಕ್ಕೆ ಅಜ್ಜಿ, "ಓಗ್ಲಿ ಬುಡು ಮಗ, ನಮ್ಗೆ ಮಾತಾಡಕ್ ಬರಾಕಿಲ್ಲ, ನೀನಾರ ಕಲ್ತ್ಕೋ" ಅಂದಿದ್ದಳು. ಏಟಿಗಿಂತ ಆ ಮಾತೇ ನನಗೆ ಇವತ್ತಿಗೂ ನೆನಪಿರೋದು. ಎಪ್ಪತ್ತು ವರ್ಷ ಮಾತಾಡಿಕೊಂಡೇ ಬದುಕಿದ ಹೆಂಗಸು ತನಗೆ ಮಾತಾಡೋಕೆ ಬರಲ್ಲ ಅಂತ ನಂಬಿಕೊಂಡಿದ್ದಳಲ್ಲ....

ಇದೆಲ್ಲ ಮತ್ತೆ ತಲೆಗೆ ಬಂದಿದ್ದು 2025ರ ಮೇ ತಿಂಗಳ ಗಲಾಟೆಯಲ್ಲಿ. ಚೆನ್ನೈನ ಸಿನಿಮಾ ಸಮಾರಂಭವೊಂದರಲ್ಲಿ ಕಮಲ್ ಹಾಸನ್, ಶಿವರಾಜ್‌ಕುಮಾರ್ ಎದುರಿಗೇ ಕನ್ನಡ ತಮಿಳಿನಿಂದ ಹುಟ್ಟಿದ್ದು ಅನ್ನೋ ಅರ್ಥದ ಮಾತಾಡಿದರು. ಆಮೇಲಿನದು ನಿಮಗೆಲ್ಲ ಗೊತ್ತು. ಜೂನ್‌ನಲ್ಲಿ ಆ ಸಿನಿಮಾ ಕರ್ನಾಟಕದಲ್ಲಿ ಬಿಡುಗಡೆಯಾಗಲಿಲ್ಲ, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಒಂದು ತಿಂಗಳು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಪ್ರತಿಯೊಬ್ಬನೂ ಭಾಷಾವಿಜ್ಞಾನಿಯೇ. ಭಾನುವಾರ ರಾತ್ರಿ ಗುಬ್ಬಿಯಿಂದ ಬೆಂಗಳೂರಿಗೆ ರೈಲು ಹತ್ತಿದರೆ ಬೋಗಿಯಲ್ಲೂ ಅದೇ ಚರ್ಚೆ. ಒಬ್ಬರು 'ಎಲ್ಲಾ ಸಂಸ್ಕೃತದಿಂದ ಬಂದಿದ್ದು ಕಣ್ರೀ' ಅಂದರೆ ಇನ್ನೊಬ್ಬರು 'ಕನ್ನಡದಿಂದಲೇ ತಮಿಳು ಹುಟ್ಟಿದ್ದು' ಅಂತ ತಿರುಗೇಟು ಕೊಡೋರು. ನಾನೂ ಬಿ.ಇ. ಮಾಡಿದವನು, ಭಾಷೆಯ ವಿಷಯದಲ್ಲಿ ಪಕ್ಕಾ ಹವ್ಯಾಸಿ. ಆದರೂ ಡೇಟಾ ಇಲ್ಲದೆ ವಾದ ಮಾಡೋದು ನೋಡಿದರೆ ಕೈ ಕಡಿಯುತ್ತೆ :-)

ನನ್ನ ಪಕ್ಕದ ಸೀಟಿನಲ್ಲಿ ಕೂರೋ ದೋಸ್ತ ತಿರುಚ್ಚಿ ಕಡೆಯವನು. ಜಗಳ ಆಡೋ ಬದಲು ಒಂದು ಎಕ್ಸೆಲ್ ಶೀಟ್ ಮಾಡೋಣ ಅಂತ ಇಬ್ಬರೂ ತೀರ್ಮಾನಿಸಿದೆವು. ಎಡಗಡೆ ಅವನ ಪದ, ಬಲಗಡೆ ನನ್ನದು. ಇಂಗ್ಲಿಷೂ ಬೇಡ, ಸಂಸ್ಕೃತದ ಪದವೂ ಬೇಡ. ಕೈ ಕಾಲು ಕಣ್ಣು, ಮನೆ ಗದ್ದೆ ಮಾತು, ಅಷ್ಟೇ. ಸಂಸ್ಕೃತದ ವಾದಕ್ಕೆ ಅಲ್ಲೇ ಉತ್ತರ ಸಿಕ್ಕಿಹೋಯ್ತು. ಪೇಟೆಯಿಂದ ಸಾಮಾನು ತಂದಷ್ಟೂ ಮನೆ ಪೇಟೆಯದಾಗಲ್ಲ. ಎಣಿಕೆ, ಮೈಯ ಅಂಗಗಳು, ಬಾ-ಹೋಗು-ತಿನ್ನು, ಇವು ಯಾರ ಮನೆಯವು ಅಂತ ನೋಡಬೇಕು. ಅವು ಸಂಸ್ಕೃತದವಲ್ಲ.

ತಮಿಳಿನ ಜೊತೆಗಿನ ಲೆಕ್ಕ ಅಷ್ಟು ಸುಲಭದ್ದಲ್ಲ. ಅವನು 'ಪಾಲ್' ಅಂತ ಬರೆದರೆ ನನ್ನದು ಹಾಲು. ಪಲ್ಲು - ಹಲ್ಲು, ಪುಲಿ - ಹುಲಿ, ಪೂ - ಹೂ. ಅವನು 'ವಾ' ಅಂದರೆ ನಾನು ಬಾ. ವಾೞೈ - ಬಾಳೆ, ವಿಲ್ - ಬಿಲ್ಲು. ಹತ್ತು ಸಾಲು ಆಗೋ ಹೊತ್ತಿಗೆ ಅವನ ಮುಖದಲ್ಲಿ ಗೆದ್ದ ಕಳೆ. ಯಾಕೆಂದರೆ ನಮ್ಮ ಹಳಗನ್ನಡದಲ್ಲೂ 'ಪಾಲ್' ಅಂತಲೇ ಇತ್ತು. ಪಂಪ 941ರಲ್ಲಿ ಬರೆದಾಗ ಪಕಾರ ಇನ್ನೂ ಗಟ್ಟಿಯಾಗಿತ್ತು. 10ನೇ ಶತಮಾನದ ಆಸುಪಾಸಿನಿಂದ ಶಾಸನಗಳಲ್ಲಿ ಹಕಾರ ತಲೆಹಾಕೋಕೆ ಶುರುವಾಗಿ ನಡುಗನ್ನಡದಲ್ಲಿ ಪೂರ್ತಿ ಹರಡಿತು. ನಮ್ಮ ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ 'ಭಾವಚಿಂತಾರತ್ನ' ಬರೆಯೋ ಕಾಲಕ್ಕೆ ಪಕಾರದ್ದು ಹಳೇ ಕಥೆ.

ಇನ್ನು ೞಕಾರ. ತಮಿಳಿನವರು ಇವತ್ತಿಗೂ ಅದನ್ನ ಬರೆಯುತ್ತಾರೆ, ಅವರ ಭಾಷೆಯ ಹೆಸರಲ್ಲೇ ಅದಿದೆ. ನಮ್ಮಲ್ಲಿ ಏೞು ಹೋಗಿ ಏಳು ಆಯಿತು, ಪೞೆಯ ಹೋಗಿ ಹಳೆಯ ಆಯಿತು. 13ನೇ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಬರೋ ಪದಗಳನ್ನ ಪಟ್ಟಿ ಮಾಡಿ ಕೊಡಬೇಕಾಯಿತು. ಜನ ತಪ್ಪದೆ ಬಳಸುತ್ತಿದ್ದರೆ ಪಟ್ಟಿ ಯಾಕೆ ಬೇಕಿತ್ತು ಹೇಳಿ? (ಅಂದ ಹಾಗೆ ಯೂನಿಕೋಡ್‌ನಲ್ಲಿ ಈ ಅಕ್ಷರದ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ'! ಯಾರೋ ಎಡವಿದ್ದು. ಒಮ್ಮೆ ಕೊಟ್ಟ ಹೆಸರು ಬದಲಾಯಿಸಬಾರದು ಅನ್ನೋ ನಿಯಮ ಇರೋದರಿಂದ ಅದು ಹಾಗೇ ಉಳಿದಿದೆ, ಪಕ್ಕದಲ್ಲಿ 'ಇದು ತಪ್ಪು' ಅನ್ನೋ ಟಿಪ್ಪಣಿ ಮಾತ್ರ. ನಮ್ಮ ಹಳೇ ಅಕ್ಷರಕ್ಕೆ ಎರಡನೇ ಸಲ ಅನ್ಯಾಯ.)

ಆಮೇಲೆ ಆಟ ತಿರುಗಿತು. ನಾನು 'ಕಿವಿ' ಅಂದೆ, ಅವನು 'ಸೆವಿ'. ನನ್ನದು ಕಿರು, ಅವನದು ಸಿರು. ನಮ್ಮ ಗೆಯ್ (ಗೇಯ್ಮೆಯ ಗೆಯ್) ಅವರಲ್ಲಿ ಸೆಯ್. ಕೆಂಪಿನ 'ಕೆಂ' ಅವರಲ್ಲಿ 'ಸೆಂ'. ಇಲ್ಲಿ ಹಳೇ ಕಕಾರ ಉಳಿಸಿಕೊಂಡಿರೋದು ನಾವು, ಬದಲಾಯಿಸಿದ್ದು ಅವರು. ಅವನು ಬಿಡಲಿಲ್ಲ, 'ಹಾಗಾದ್ರೆ ನಮ್ಮಲ್ಲೂ ಕೇಳ್, ಕಿಳಿ, ಕೆಡು ಇದೆಯಲ್ಲ, ಅಲ್ಲಿ ಯಾಕೆ ಸ ಆಗಲಿಲ್ಲ?' ಅಂದ. ಒಳ್ಳೇ ಪ್ರಶ್ನೆ. ಆ ಪದಗಳನ್ನ ಇನ್ನೊಮ್ಮೆ ನೋಡಿ. ಮುಂದಿನ ವ್ಯಂಜನ ಳ ಅಥವಾ ಡ, ನಾಲಿಗೆ ಹಿಂದಕ್ಕೆ ಮಡಚೋ ಅಕ್ಷರಗಳು. ಅಂಥ ಕಡೆ ಕಕಾರ ಬದಲಾಗದೆ ನಿಂತಿತು. ಎಕ್ಸೆಪ್ಷನ್ ಅಂದುಕೊಂಡಿದ್ದಕ್ಕೂ ಒಂದು ಕಂಡೀಷನ್ ಇದೆ! ನಮ್ಮ ಪ್ರಾಜೆಕ್ಟಿನ ಕೋಡ್ ಕೂಡ ಇಷ್ಟು ಶಿಸ್ತಾಗಿಲ್ಲ ಅಂತ ಇಬ್ಬರೂ ನಕ್ಕೆವು.

ಅಂದರೆ ಪ, ವ, ೞ ವಿಷಯದಲ್ಲಿ ತಮಿಳು ಹಳೆಯದನ್ನ ಇಟ್ಟುಕೊಂಡಿದೆ, ಕಕಾರದ ವಿಷಯದಲ್ಲಿ ಕನ್ನಡ. ತಮಿಳೇ ತಾಯಿ ಆಗಿದ್ದರೆ ತಾಯಿ ಆಗಲೇ ಕಳೆದುಕೊಂಡಿದ್ದ ಕಕಾರ ಮಗಳಿಗೆ ಎಲ್ಲಿಂದ ಬಂತು? ಕನ್ನಡವೇ ತಾಯಿ ಅನ್ನೋರಿಗೂ ಇದೇ ಪ್ರಶ್ನೆಯನ್ನ ತಿರುಗಿಸಿ ಕೇಳಬಹುದು, ಪಕಾರ ಹಿಡಿದುಕೊಂಡು. ಎರಡಕ್ಕೂ ಮೂಲವಾದ ಮೂರನೆಯದೊಂದು ಇತ್ತು, ಅದು ಯಾರ ಕೈಗೂ ಬರೆದು ಸಿಕ್ಕಿಲ್ಲ ಅನ್ನೋದೊಂದೇ ಉಳಿಯೋ ದಾರಿ. ಇದೇನೂ ನಮ್ಮಿಬ್ಬರ ಸಂಶೋಧನೆ ಅಲ್ಲ. ಈ ಭಾಷೆಗಳದ್ದು ಬೇರೆಯದೇ ಕುಟುಂಬ ಅಂತ ಮದರಾಸಿನ ಎಲ್ಲಿಸ್ 1816ರಲ್ಲೇ ಬರೆದಿದ್ದ. 1856ರಲ್ಲಿ ಇದರ ದೊಡ್ಡ ವ್ಯಾಕರಣ ಬರೆದ ಕಾಲ್ಡ್‌ವೆಲ್ ಇದ್ದಿದ್ದು ತಿರುನೆಲ್ವೇಲಿ ಸೀಮೆಯ ಇಡೈಯನ್‌ಗುಡಿಯಲ್ಲಿ. ತಮಿಳುನಾಡಿನ ನಡುವೆಯೇ ಕೂತಿದ್ದ ಆತ ಕೂಡ ತಮಿಳನ್ನ ಉಳಿದವುಗಳ ತಾಯಿ ಅನ್ನಲಿಲ್ಲ.

ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ನಮ್ಮ ಶೀಟಿನ ಮೂರನೇ ಭಾಗ, ಸ್ವರಗಳದ್ದು. ಅವನು ನಿಲಂ, ನಾನು ನೆಲ. ನಿೞಲ್ - ನೆರಳು. ಇಲೈ - ಎಲೆ. ವಿಲೈ - ಬೆಲೆ. ಕುಡೈ - ಕೊಡೆ. ಪುಗೈ - ಹೊಗೆ. ಬರೆಯೋ ತಮಿಳಿನಲ್ಲಿ ಇ, ಉ ಇದ್ದ ಕಡೆ ನಮ್ಮಲ್ಲಿ ಎ, ಒ. (ಮಾತಾಡುವಾಗ ಅವನೂ 'ಎಲೆ', 'ಕೊಡೆ' ಅಂತಲೇ ಅನ್ನೋದು, ಹಿಡಿದು ಕೇಳಿದ ಮೇಲೆ ಒಪ್ಪಿಕೊಂಡ.) ಸರಿ ಅಂತ ರೂಲ್ ಬರೆದುಕೊಳ್ಳೋ ಹೊತ್ತಿಗೆ ಪೂರಾ ಉಲ್ಟಾ ಜೋಡಿಗಳು ಬಂದವು. ಅವನದು ತೆಳಿ, ನಮ್ಮದು ತಿಳಿ. ವೆಳುಪ್ಪು - ಬಿಳುಪು. ಪೊಡಿ - ಪುಡಿ. ಪೊರುಳ್ - ಹುರುಳು. ಈಗ ಎ, ಒ ಅವರಲ್ಲಿ, ಇ, ಉ ನಮ್ಮಲ್ಲಿ!

ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಎರಡನೇ ಅಕ್ಷರ ನೋಡಬೇಕು ಅಂತ ಹೊಳೆಯಿತು. ನೆಲ, ನೆರಳು, ಎಲೆ, ಕೊಡೆ, ಇಲ್ಲೆಲ್ಲ ಎರಡನೇ ಅಕ್ಷರದ ಸ್ವರ ಅ ಅಥವಾ ಎ, ಬಾಯಿ ತೆರೆಯೋ ಸ್ವರ. ತಿಳಿ, ಬಿಳುಪು, ಪುಡಿ, ಹುರುಳು, ಇಲ್ಲೆಲ್ಲ ಇ ಅಥವಾ ಉ, ಬಾಯಿ ಮುಚ್ಚಿಕೊಳ್ಳೋ ಸ್ವರ. ಮುಂದೆ ಬರೋ ಸ್ವರಕ್ಕೆ ಹಿಂದಿನದು ಮೊದಲೇ ತಯಾರಾಗುತ್ತೆ. ಕನ್ನಡದೊಳಗೇ ಇದಕ್ಕೆ ಸಾಕ್ಷಿ ಇದೆ. ಬಿಳಿ ಬಣ್ಣದ ತಿಂಗಳು 'ಬಿಳಿದಿಂಗಳು' ಅಲ್ಲ, ಬೆಳ್ದಿಂಗಳು. 'ಬೆಳ್' ಮುಂದೆ ಇ ಬಂದರೆ ಬಿಳಿ, ಬರದೇ ಇದ್ದರೆ ಹಳೇ ಎಕಾರ ಹಾಗೇ ಕೂತಿರುತ್ತೆ. ಇಷ್ಟು ವರ್ಷ ಬೆಳ್ದಿಂಗಳು ಅಂತ ಹೇಳ್ತಾ ಇದ್ದರೂ ನನಗೆ ಕಂಡಿರಲಿಲ್ಲ.

ಏನೋ ದೊಡ್ಡದು ಕಂಡುಹಿಡಿದೆ ಅಂತ ಬೀಗಿಕೊಂಡು ಹುಡುಕಿದರೆ, ಇದನ್ನೆಲ್ಲ 1935ರಲ್ಲೇ ಒಬ್ಬರು ಬರೆದಿಟ್ಟಿದ್ದಾರೆ. ಮೈಸೂರಿನಲ್ಲಿ ಆ ವರ್ಷ ನಡೆದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ 8ನೇ ಅಧಿವೇಶನದ ಪ್ರಬಂಧ, ವಿಷಯ ಕನ್ನಡದಲ್ಲಿ ಇ, ಉ, ಎ, ಒ ಸ್ವರಗಳ ಮಾರ್ಪಾಟು. ಬರೆದವರು ತೀ.ನಂ.ಶ್ರೀ. ಭಾರತೀಯ ಕಾವ್ಯಮೀಮಾಂಸೆಯ ತೀ.ನಂ. ಶ್ರೀಕಂಠಯ್ಯನವರೇ. ಇಂಗ್ಲಿಷಿನಲ್ಲಿ ಬರೆದ ಆ ಪ್ರಬಂಧವನ್ನ ದ್ರಾವಿಡ ಭಾಷೆಗಳ ಮೇಲೆ ಆಮೇಲೆ ಬರೆದ ಭದ್ರಿರಾಜು ಕೃಷ್ಣಮೂರ್ತಿಯಂಥ ದೊಡ್ಡವರೂ ನೆನೆಯುತ್ತಾರೆ. ಇನ್ನೊಂದು ವಿಷಯ ಕೇಳಿ. ಹೆಸರಿನ 'ತೀ' ಅಂದರೆ ತೀರ್ಥಪುರ, ನಮ್ಮ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಳ್ಳಿ! ಗುಬ್ಬಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದಾದ ಊರು. ಅವರು ಹುಟ್ಟಿದ್ದು 1906ರ ನವೆಂಬರ್‌ನಲ್ಲಿ, ಅಂದರೆ ಆ ಪ್ರಬಂಧದ ಹೊತ್ತಿಗೆ 29 ವಯಸ್ಸು. ಹೆಚ್ಚುಕಡಿಮೆ ನನ್ನದೇ ವಯಸ್ಸು ಅಂತ ಲೆಕ್ಕ ಹಾಕಿ ಸುಮ್ಮನಾದೆ. ಅವರ ಗುರು ಬಿ.ಎಂ.ಶ್ರೀ. ಹುಟ್ಟಿದ್ದೂ ಇದೇ ಜಿಲ್ಲೆಯಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಗುಬ್ಬಿ ಅಂದರೆ ನಾಟಕ ಕಂಪನಿ, ತುಮಕೂರು ಅಂದರೆ ಸಿದ್ಧಗಂಗೆ ಮತ್ತು ತಟ್ಟೆ ಇಡ್ಲಿ ಅಂತಷ್ಟೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ನನಗೆ ಸ್ವಲ್ಪ ನಾಚಿಕೆಯೇ ಆಯಿತು.

ನಾವು ಹವ್ಯಾಸಿಗಳು ಮಾಡೋದು ಬೇರೆ ಥರ. ನಮಗೆ ಊರ ಹೆಸರು ಸಿಕ್ಕರೆ ಸಾಕು. ಶಿವ ಕುಣಿದ ಕಲ್ಲು ಕುಣಿಗಲ್ಲು. ಶಿಲ್ಪಿ ಜಕಣಾಚಾರಿಗೆ ಕಳೆದುಹೋದ ಕೈ ಮತ್ತೆ ಬಂದ ಜಾಗ ಕೈದಾಳ. ತುಮಕೂರಿಗೆ ತುಂಬೆ ಹೂವೂ ಆಗುತ್ತೆ, ತಮಟೆಯೂ ಆಗುತ್ತೆ. ಕಥೆಗಳು ಚೆಂದ, ನಾನೂ ಮಕ್ಕಳಿಗೆ ಹೇಳ್ತೀನಿ. ಆದರೆ ಹೆಸರು ಮೊದಲಿತ್ತು, ಕಥೆ ಆಮೇಲೆ ಬಂದು ಕೂತಿತು ಅಂತಲೇ ನನ್ನ ಗುಮಾನಿ. ಕುಣಿ ಅಂದರೆ ಗುಂಡಿ ಅಂತಲೂ ಅರ್ಥ ಇದೆ. ಗುಂಡಿಯ ಕಲ್ಲಿಗೆ ಯಾರೂ ಪುರಾಣ ಕಟ್ಟಲ್ಲ, ಕುಣಿಯೋ ಕಲ್ಲಿಗೆ ಕಟ್ಟುತ್ತಾರೆ. ಇಂಥ ಕಡೆ ಅರ್ಥ ಹೇಳೋ ಮುಂಚೆ ಆ ಹೆಸರಿನ ಅತಿ ಹಳೆಯ ರೂಪ ಹುಡುಕಬೇಕು. ಅದಕ್ಕೇ ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ತಂದಿದ್ದಾನೆ. ಮೂಲವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ತುಮಕೂರಿಗೆ ಸೇರಿದ ಹಾಗೇ ಇರೋ ಕ್ಯಾತ್ಸಂದ್ರದ 'ಸಂದ್ರ' ನೋಡಿ, ಅದರಲ್ಲಿ ಕಥೆ ಏನಿಲ್ಲ, ಆದರೆ ಉತ್ತರ ಗಟ್ಟಿ. ಅದು 'ಸಮುದ್ರ'. ನಮ್ಮ ಬಯಲುಸೀಮೆಯವರು ದೊಡ್ಡ ಕೆರೆ ಕಟ್ಟಿಸಿದರೆ ಅದಕ್ಕೆ ಸಮುದ್ರ ಅನ್ನೋರು. ನಾಲಿಗೆ ಅದನ್ನ ಸವೆಸಿ ಸಂದ್ರ ಮಾಡಿತು, ಬೊಮ್ಮಸಂದ್ರದಲ್ಲೂ ಅದೇ.

ಸವೆಸೋದು ಅಂದ ಕೂಡಲೇ ಅಜ್ಜಿಯ ಆಲು ಮತ್ತೆ ಎದುರಿಗೆ ಬಂತು. ಪ ಉಚ್ಚರಿಸೋಕೆ ಎರಡೂ ತುಟಿ ಮುಚ್ಚಬೇಕು. ಹ ಆದರೆ ಬರೀ ಉಸಿರು. ಆ ಉಸಿರನ್ನೂ ಬಿಟ್ಟರೆ ಉಳಿಯೋದು ಆಲು. ಪಾಲನ್ನ ಹಾಲು ಮಾಡಿದ ದಾರಿಯಲ್ಲೇ ಇನ್ನೊಂದು ಹೆಜ್ಜೆ ಅಷ್ಟೇ. ಒಂದು ಸಾವಿರ ವರ್ಷದ ಹಿಂದೆ ಮೊದಲು 'ಹಾಲು' ಅಂದವನಿಗೂ ಯಾರಾದರೂ ಪಂಡಿತರು ಬೈದೇ ಇರುತ್ತಾರೆ! ಅವನ ತಪ್ಪು ಇವತ್ತು ಪಠ್ಯಪುಸ್ತಕದಲ್ಲಿದೆ, ಅಜ್ಜಿಯದು ಇಲ್ಲ. ಹಾಗಂತ ಮಕ್ಕಳಿಗೆ ಹ ಬರೆಯೋದು ಕಲಿಸಬೇಡಿ ಅಂತಲ್ಲ. ಬರವಣಿಗೆ ಎಲ್ಲರಿಗೂ ಒಂದೇ ಇರಲಿ. ಸ್ಕೇಲು ತೆಗೆಯೋ ಮುಂಚೆ 'ನಿಮ್ಮ ಮನೇಲಿ ಹಾಗಂತಾರೆ, ಬರೆಯುವಾಗ ಹೀಗೆ' ಅನ್ನೋ ಒಂದು ಮಾತು ಸಾಕಿತ್ತು.

ಹೋದ ತಿಂಗಳು ಊರಿಗೆ ಹೋದಾಗ ಅಜ್ಜಿ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ಹಿಂದಿನೋರು ಪಾಲು ಅಂತಿದ್ರು, ಆಮೇಲೆ ಹಾಲು ಆಯ್ತು, ನೀನು ಆಲು ಅಂತೀಯ, ನಿಂದು ತಪ್ಪಲ್ಲ ಅಜ್ಜಿ, ನೀನೇ ಒಂದು ಹೆಜ್ಜೆ ಮುಂದೆ ಇರೋದು ಅಂದೆ. ಎಲೆ ಅಡಿಕೆ ಮೆಲ್ಲೋದು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಅಂಗಾರೆ ನಿನ್ ಮಗುನ್ ಕಾಲಕ್ಕೆ ಬರೀ 'ಲು' ಉಳ್ಕಂತದೆ ಅನ್ನು" ಅಂದು ಎದ್ದು ಹೋದಳು. ಮದುವೆ ವಿಷಯ ಎತ್ತೋಕೆ ಅವಳಿಗೆ ಯಾವ ದಾರಿಯಾದರೂ ಸರಿ :-)

ಶೀಟಿನಲ್ಲಿ ಈಗ ಇನ್ನೂರರ ಮೇಲೆ ಸಾಲುಗಳಿವೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ತಿರುಚ್ಚಿಯ ದೋಸ್ತನ ಮೆಸೇಜು ಬಂತು: 'ಉರಲ್?' ಒಂದು ನಿಮಿಷ ಗೊತ್ತಾಗಲಿಲ್ಲ. ಆಮೇಲೆ ನಮ್ಮ ಅಡಿಗೆಮನೆ ಮೂಲೆ ನೆನಪಾಗಿ ಬರೆದೆ: 'ಒರಳು'.