ಮನೆಗೆ ಸೌರ ವಿದ್ಯುತ್ ಘಟಕ: ಕೊಳ್ಳುವ ಮುನ್ನ ತಿಳಿಯಬೇಕಾದ ಅಂಶಗಳು

ಹಳ್ಳಿಗಳಲ್ಲಿ ‘ಸೋಲಾರ್’ ಎಂದೊಡನೆ ನೀರು ಕಾಯಿಸುವ ಹೀಟರ್ ನೆನಪಾಗುವುದು ಸಹಜ. ಈ ಲೇಖನವು ಚಾವಣಿಯ ಮೇಲೆ ಫಲಕಗಳನ್ನು ಅಳವಡಿಸಿ ಮನೆಬಳಕೆಗೆ ವಿದ್ಯುತ್ ಉತ್ಪಾದಿಸುವ ಘಟಕವನ್ನು ಕುರಿತದ್ದು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿಎಂ ಸೂರ್ಯ ಘರ್ ಯೋಜನೆಯನ್ನು ಪ್ರಾರಂಭಿಸಿದ್ದು, ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯ ರೈತ ಕುಟುಂಬಗಳೂ ಇದರ ಪ್ರಯೋಜನ ಪಡೆಯಬಹುದು. ಆದರೆ ಘಟಕ ಬೇಕಿರುವುದು ಬಿಲ್ಲು ತಗ್ಗಿಸಲೋ, ವಿದ್ಯುತ್ ಕಡಿತದ ವೇಳೆ ದೀಪ ಉರಿಸಲೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಇವೆರಡಕ್ಕೂ ಕೊಳ್ಳಬೇಕಾದ ಸಾಮಗ್ರಿ ಒಂದೇ ಅಲ್ಲ.

ಗೃಹಜ್ಯೋತಿಯಡಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಗೆ ಸೌರ ಘಟಕದಿಂದ ಬಿಲ್ಲಿನಲ್ಲಿ ಉಳಿಯುವುದು ಏನೂ ಇಲ್ಲ. ಅಂತಹವರು ಸಾಲ ಮಾಡಿ ಘಟಕ ಹಾಕಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ತಿಂಗಳ ಬಳಕೆ 200 ಯೂನಿಟ್ ದಾಟಿ ಪೂರ್ಣ ಬಿಲ್ಲು ಕಟ್ಟುತ್ತಿರುವ ಕುಟುಂಬಗಳ ಲೆಕ್ಕ ಬೇರೆ. ಒಂದು ಕಿಲೋವ್ಯಾಟ್ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ನೀಡುತ್ತದೆ. ಮಳೆಗಾಲದ ಮೋಡದ ದಿನಗಳಲ್ಲಿ ಇದು ಬಹಳ ಇಳಿಯುತ್ತದೆ. ಬಳಸಿ ಉಳಿದ ವಿದ್ಯುತ್ತಿಗೆ ಸಿಗುವ ಚಾಲ್ತಿ ದರವನ್ನೂ, ಘಟಕ ಹಾಕಿಸಿದ ಮೇಲೆ ಗೃಹಜ್ಯೋತಿ ಸೌಲಭ್ಯದ ಸ್ಥಿತಿ ಏನೆಂಬುದನ್ನೂ ಸೆಸ್ಕ್ ಶಾಖಾ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಮುಂಗಡ ಕೊಡುವುದು ಸೂಕ್ತ.

ಮಾರಾಟಗಾರರು ಹಲವೊಮ್ಮೆ ಬಿಡಿಸಿ ಹೇಳದ ಸಂಗತಿಯೊಂದಿದೆ. ಬ್ಯಾಟರಿಯಿಲ್ಲದೆ ವಿದ್ಯುತ್ ಜಾಲಕ್ಕೆ ಸೇರಿಸಿದ ಘಟಕವು ಕರೆಂಟು ಹೋದೊಡನೆ, ಬಿಸಿಲು ಎಷ್ಟೇ ಇದ್ದರೂ, ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿಯಲ್ಲಿರುವ ಲೈನ್‌ಮನ್‌ಗೆ ನಿಮ್ಮ ಮನೆಯ ವಿದ್ಯುತ್ ತಗುಲದಿರಲೆಂದು ಇನ್ವರ್ಟರನ್ನು ಹಾಗೆ ರೂಪಿಸಲಾಗಿದೆ. ಕಡಿತದ ವೇಳೆಯೂ ವಿದ್ಯುತ್ ಬೇಕೆಂದರೆ ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್ ಅಗತ್ಯ. 75 ವ್ಯಾಟಿನ ಎರಡು ಫ್ಯಾನ್, 9 ವ್ಯಾಟಿನ ನಾಲ್ಕು ಬಲ್ಬು ಹಾಗೂ ಒಂದು ಟಿ.ವಿ. ನಾಲ್ಕು ತಾಸು ನಡೆಯಲು ಸುಮಾರು ಒಂದು ಯೂನಿಟ್ ಬೇಕು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1.8 ಯೂನಿಟ್ ಸಂಗ್ರಹವಾಗುತ್ತದೆ. ಸೀಸ-ಆಮ್ಲದ ಬ್ಯಾಟರಿಯಾದರೆ ಅದರ ಅರ್ಧದಷ್ಟನ್ನು ಮಾತ್ರ ಬಳಸಿದಾಗ ಬಾಳಿಕೆ ಹೆಚ್ಚು. ಸಂಪಿನ ಮೋಟಾರನ್ನು ಇದಕ್ಕೆ ಜೋಡಿಸಬಾರದು. ಚಾಲೂ ಆಗುವಾಗ ಅದು ಎಳೆಯುವ ವಿದ್ಯುತ್ ಪ್ರವಾಹ ಹಲವು ಪಟ್ಟು ಹೆಚ್ಚಿರುತ್ತದೆ.

ಸ್ಥಳದ ಆಯ್ಕೆಯಲ್ಲಿ ನಮ್ಮ ಭಾಗಕ್ಕೆ ವಿಶೇಷ ಎಚ್ಚರ ಬೇಕು. ಪ್ರತಿ ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಇರಬೇಕು. ಒಂದು ತೆಂಗಿನ ಗರಿಯ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಅದರೊಡನೆ ಸರಣಿಯಲ್ಲಿ ಜೋಡಿಸಿದ ಉಳಿದ ಫಲಕಗಳ ಉತ್ಪಾದನೆ ಕುಗ್ಗಬಹುದು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳು ಉದ್ದವಾಗುವುದರಿಂದ, ಬೇಸಿಗೆಯ ಮಧ್ಯಾಹ್ನ ನೋಡಿ ಜಾಗ ಗೊತ್ತುಮಾಡಬೇಡಿ. ಫಲಕಗಳು ದಕ್ಷಿಣಕ್ಕೆ ಮುಖಮಾಡಿ ಸುಮಾರು 12ರಿಂದ 15 ಡಿಗ್ರಿ ಓರೆಯಾಗಿರಲಿ. ಆಲೆಮನೆಯ ಹೊಗೆ ಬೀಸುವ ದಿಕ್ಕಿನಲ್ಲಿ ಮನೆಯಿದ್ದರೆ ಮಸಿ ಫಲಕಕ್ಕೆ ಅಂಟುತ್ತದೆ. ಕಬ್ಬಿನ ತರಗು ಸುಟ್ಟ ಬೂದಿಯೂ ಹಾಗೆಯೇ. (ತರಗನ್ನು ಸುಡದೆ ಹೊದಿಕೆಯಾಗಿ ಬಳಸಿದರೆ ಮಣ್ಣಿಗೂ ಹಿತ.) ಫಲಕಗಳನ್ನು ಬೆಳಗಿನ ತಂಪಿನಲ್ಲಿ ಮೆದು ಬಟ್ಟೆಯಿಂದ ತೊಳೆಯಬೇಕು. ಗಡಸು ಕೊಳವೆಬಾವಿ ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುವುದರಿಂದ ಮಳೆನೀರು ಉತ್ತಮ.

ಸಹಾಯಧನವು 2 ಕಿಲೋವ್ಯಾಟ್‌ವರೆಗೆ ತಲಾ ರೂ. 30,000, ಮೂರನೆಯದಕ್ಕೆ ರೂ. 18,000, ಒಟ್ಟು ಗರಿಷ್ಠ ರೂ. 78,000. ಜಾಲಕ್ಕೆ ಸೇರದ ಘಟಕಗಳಿಗೆ ಇದು ದೊರೆಯದು. ಘಟಕ ಚಾಲನೆಗೊಂಡ ನಂತರ ಹಣ ಬ್ಯಾಂಕ್ ಖಾತೆಗೆ ಬರುವುದರಿಂದ ಪೂರ್ಣ ಮೊತ್ತವನ್ನು ಮೊದಲೇ ಹೊಂದಿಸಿಕೊಳ್ಳಬೇಕಾಗುತ್ತದೆ. ಆರ್.ಆರ್. ಸಂಖ್ಯೆ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ಮೊದಲು ಹೆಸರು ಬದಲಾವಣೆ ಮಾಡಿಸಿ. ದರಪಟ್ಟಿಯಲ್ಲಿ ಫಲಕ, ಇನ್ವರ್ಟರ್‌ಗಳ ಖಾತರಿ ಅವಧಿ, ಅರ್ಥಿಂಗ್, ಸಿಡಿಲು ನಿರೋಧಕ ಹಾಗೂ ನೆಟ್ ಮೀಟರ್ ವೆಚ್ಚ ಪ್ರತ್ಯೇಕವಾಗಿ ನಮೂದಾಗಿರಲಿ. ಮೀಟರ್ ಅಳವಡಿಕೆಯಾಗುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವ ಷರತ್ತನ್ನು ಲಿಖಿತವಾಗಿ ಸೇರಿಸಿಕೊಳ್ಳಿ.